ಬಿಲ್ಲೆ ಒಲೆಗೆ ನೀರು ಕುದಿಸುವ ಕೆಲಸ ಕೊಡಿ, ಅನ್ನ ಬೇಯಿಸುವ ಕೆಲಸ ಬೇಡ

ಪ್ರಶ್ನೆ: ಮೂರು ದಿನ, ಎರಡು ರಾತ್ರಿಯ ಚಾರಣಕ್ಕೆಂದು ಮಡಚುವ ಪುಟ್ಟ ಒಲೆ ತೆಗೆದುಕೊಂಡಿದ್ದೇನೆ. ಬಿಳಿ ಇಂಧನದ ಬಿಲ್ಲೆ ಇಟ್ಟು ಹಚ್ಚುವಂಥದ್ದು. ಒಂದೊಂದು ಬಿಲ್ಲೆ 14 ಗ್ರಾಂ. ಮನೆಯ ಹೊರಗೆ ಒಮ್ಮೆ ಪರೀಕ್ಷೆ ಮಾಡಿದೆ. ಅಕ್ಕಿ, ಬೇಳೆ ಒಟ್ಟಿಗೆ ಹಾಕಿ ಬೇಯಲು ಇಟ್ಟರೆ ತಳ ಹಿಡಿಯಿತು, ಮೇಲಿನ ಅಕ್ಕಿ ಮಾತ್ರ ಗಟ್ಟಿಯಾಗಿಯೇ ಉಳಿಯಿತು. ಅಷ್ಟರಲ್ಲಿ ಎರಡು ಬಿಲ್ಲೆ ಮುಗಿದವು. ಪಾತ್ರೆಯ ಅಡಿಗೆಲ್ಲ ಕಂದು ಅಂಟು, ಕೈಗೆ ಮೀನಿನಂಥ ವಾಸನೆ. ಒಬ್ಬನಿಗೆ ಎಷ್ಟು ಬಿಲ್ಲೆ ಬೇಕಾಗುತ್ತದೆ? ಏನು ಅಡುಗೆ ಮಾಡಬಹುದು? ಮಳೆ ಬಂದರೆ ಟೆಂಟಿನೊಳಗೆ ಹಚ್ಚಬಹುದಾ? ಅಥವಾ ಗ್ಯಾಸ್ ಒಲೆಯೇ ವಾಸಿಯಾ?

ಉತ್ತರ: ಕೊನೆಯ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಟೆಂಟಿನೊಳಗೆ ಹಚ್ಚಬೇಡಿ. ಎಷ್ಟೇ ಮಳೆ ಇರಲಿ, ಎಷ್ಟೇ ಚಳಿ ಇರಲಿ. ಕಾರಣ ಮುಂದೆ ಬರೆಯುತ್ತೇನೆ.

ಈಗ ಗಟ್ಟಿಯಾಗಿ ಉಳಿದ ಅಕ್ಕಿಯ ವಿಷಯ. ತಪ್ಪು ನಿಮ್ಮದಲ್ಲ, ಒಲೆಯದೂ ಅಲ್ಲ. ಈ ಒಲೆ ಮಾಡಲಾಗದ ಕೆಲಸವನ್ನು ಅದಕ್ಕೆ ಕೊಟ್ಟಿದ್ದೀರಿ, ಅಷ್ಟೇ. ಸ್ವಲ್ಪ ಲೆಕ್ಕ ನೋಡೋಣ. ಬಿಲ್ಲೆಯಲ್ಲಿರುವುದು ಹೆಕ್ಸಮೈನ್ ಎಂಬ ರಾಸಾಯನಿಕ. ಒಂದು ಗ್ರಾಂ ಉರಿದರೆ ಸುಮಾರು 30 ಕಿಲೋಜೂಲ್ ಶಾಖ ಬರುತ್ತದೆ. 14 ಗ್ರಾಮಿನ ಬಿಲ್ಲೆಗೆ 420 ಕಿಲೋಜೂಲ್. ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಗೆ ತರಲು ಬೇಕಾಗುವುದು ಸುಮಾರು 167 ಕಿಲೋಜೂಲ್. ಹಾಗಾದರೆ ಒಂದು ಬಿಲ್ಲೆಗೆ ಒಂದು ಲೀಟರಿಗೂ ಜಾಸ್ತಿ ನೀರು ಕುದಿಯಬೇಕಲ್ವಾ? ಕುದಿಯುವುದಿಲ್ಲ. ಬಯಲಿನಲ್ಲಿ ಶಾಖದ ಅರ್ಧಕ್ಕಿಂತ ಹೆಚ್ಚು ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ. ಎಲ್ಲವೂ ಸರಿಯಾಗಿದ್ದರೆ ಒಂದು ಬಿಲ್ಲೆಗೆ ಅರ್ಧ ಲೀಟರ್, ಎಂಟು ಹತ್ತು ನಿಮಿಷದಲ್ಲಿ. ನೀವು ನೆನಪಿಟ್ಟುಕೊಳ್ಳಬೇಕಾದ ಅಳತೆ ಇದು.

ಒಂದು ಬಿಲ್ಲೆ ಉರಿಯುವುದು ಹೆಚ್ಚುಕಡಿಮೆ ಹನ್ನೆರಡು ನಿಮಿಷ. ಅಕ್ಕಿಗಾದರೆ ನೀರು ಕುದಿ ಬಂದ ಮೇಲೆ ಇನ್ನೂ ಹದಿನೈದು ನಿಮಿಷ ಸಣ್ಣ ಉರಿ ಬೇಕು. ಬೇಳೆಗೆ ಅದಕ್ಕಿಂತ ಹೆಚ್ಚು. ಈ ಒಲೆಯಲ್ಲಿ ಸಣ್ಣ ಉರಿ, ದೊಡ್ಡ ಉರಿ ಅಂತ ತಿರುಗಿಸಲು ಏನೂ ಇಲ್ಲ. ಬೆಂಕಿ ಎದ್ದರೆ ಎದ್ದಿತು, ಮುಗಿದರೆ ಮುಗಿಯಿತು. ಜೊತೆಗೆ ಉರಿ ಪಾತ್ರೆಯ ನಡುಮಧ್ಯಕ್ಕೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ಮಾತ್ರ ಬಡಿಯುತ್ತದೆ. ಅಕ್ಕಿ ತಳಕ್ಕೆ ಇಳಿದು ಗಂಜಿ ಬಿಟ್ಟು ಅಲ್ಲೇ ಅಂಟಿ ಸೀಯುತ್ತದೆ. ಮೇಲಿನದಕ್ಕೆ ಶಾಖವೇ ಮುಟ್ಟುವುದಿಲ್ಲ. ತೆಳು ಟೈಟಾನಿಯಂ ಪಾತ್ರೆಯಾದರಂತೂ ಇನ್ನೂ ಕಷ್ಟ, ಆ ಲೋಹ ಶಾಖವನ್ನು ಪಕ್ಕಕ್ಕೆ ಹರಡುವುದಿಲ್ಲ. ಅಲ್ಯೂಮಿನಿಯಂ ಹರಡುತ್ತದೆ.

ಹಾಗಾಗಿ ಒಲೆಯನ್ನು ಬದಲಾಯಿಸುವುದಕ್ಕಿಂತ ಅಡುಗೆಯನ್ನು ಬದಲಾಯಿಸಿ. ನೀರು ಒಮ್ಮೆ ಕುದಿಯುವವರೆಗೆ ಒಲೆ ಕೆಲಸ ಮಾಡಲಿ. ಆಮೇಲಿನ ಬೇಯುವಿಕೆಯೆಲ್ಲ ಮುಚ್ಚಿಟ್ಟ ಪಾತ್ರೆಯ ಬಿಸಿಯಲ್ಲೇ ಆಗಲಿ. ಇದಕ್ಕೆ ಎರಡು ಸಾಮಾನು ಬೇಕು. ಒಂದು ಗಾಳಿಮರೆ, ಇನ್ನೊಂದು ಪಾತ್ರೆಗೆ ಬೆಚ್ಚನೆಯ ಚೀಲ. ಎರಡನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು.

ಗಾಳಿಮರೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಈ ಒಲೆಯ ಯಶಸ್ಸು ಬಹುಪಾಲು ಅದರಲ್ಲೇ ಇದೆ. ಬಿಲ್ಲೆಯ ಉರಿ ತುಂಬ ಮೃದು. ಅಡುಗೆಮನೆಯ ಗ್ಯಾಸ್ ಬರ್ನರಿನ ಕಾಲುಭಾಗದಷ್ಟು ಬಲ ಇದ್ದರೆ ಹೆಚ್ಚು. ಕೆನ್ನೆಗೆ ತಂಪೆನಿಸುವಷ್ಟು ಗಾಳಿ ಬೀಸಿದರೂ ಸಾಕು, ಉರಿ ಪಕ್ಕಕ್ಕೆ ವಾಲುತ್ತದೆ, ಪಾತ್ರೆಯ ತಳ ಬಿಟ್ಟು ಹೊರಗೆ ನೆಕ್ಕುತ್ತದೆ. ಅಂಥ ಹೊತ್ತಲ್ಲಿ ಪೂರ್ತಿ ಬಿಲ್ಲೆ ಮುಗಿದರೂ ನೀರು ಕುದಿಯುವುದಿಲ್ಲ. ಸುಮ್ನೆ ಬೆಚ್ಚಗಾಗುತ್ತದೆ.

ದಪ್ಪ ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಳ್ಳಿ. ಅಡುಗೆಮನೆಯದೇ ಆದರೆ ಮೂರು ನಾಲ್ಕು ಪದರ ಮಡಚಿ. ಪಾತ್ರೆಯ ಸುತ್ತ ನಿಲ್ಲುವಂತೆ ಒಂದು ಪಟ್ಟಿ ಮಾಡಿ. ಪಾತ್ರೆಗೂ ಮರೆಗೂ ನಡುವೆ ಒಂದು ಬೆರಳು ಹಿಡಿಯುವಷ್ಟು ಜಾಗ ಇರಲಿ. ಎತ್ತರ ನೆಲದಿಂದ ಪಾತ್ರೆಯ ಮುಕ್ಕಾಲು ಭಾಗದವರೆಗೆ. ಕೆಳಗಿನ ಅಂಚಿನಲ್ಲಿ, ಗಾಳಿ ಬಂದು ಬಡಿಯುವ ಬದಿಗಲ್ಲ, ಅದರ ಆಚೆ ಬದಿಗೆ, ಪೇಪರ್ ಪಂಚಿನಿಂದ ಏಳೆಂಟು ತೂತು ಹೊಡೆಯಿರಿ. ಉರಿಗೆ ಉಸಿರಾಡಲು ಅಷ್ಟು ಬೇಕು. ಪೂರ್ತಿ ಬಿಗಿಯಾಗಿ ಸುತ್ತಿದರೆ ಉರಿ ಹಳದಿಯಾಗಿ ಹೊಗೆ ಬಿಡುತ್ತದೆ, ಅಂಟೂ ಜಾಸ್ತಿ, ವಿಷದ ಅನಿಲವೂ ಜಾಸ್ತಿ. ಗ್ಯಾಸ್ ಡಬ್ಬಿಯ ಮೇಲೆಯೇ ಬರ್ನರ್ ಕೂರುವ ಒಲೆಗೆ ಹೀಗೆ ಸುತ್ತಲೂ ಮರೆ ಕಟ್ಟಬಾರದು, ಡಬ್ಬಿ ಕಾದು ಸಿಡಿಯುವ ಅಪಾಯವಿದೆ. ಬಿಲ್ಲೆ ಒಲೆಗೆ ಆ ಭಯವಿಲ್ಲ.

ಮುಚ್ಚಳ ಕಡ್ಡಾಯ. ಅದು ಇಲ್ಲದಿದ್ದರೆ ಫಾಯಿಲ್ಲನ್ನೇ ಮುಚ್ಚಳ ಮಾಡಿ. ಪಾತ್ರೆ ಎತ್ತರದ್ದಕ್ಕಿಂತ ಅಗಲದ್ದು ಒಳ್ಳೆಯದು. ಬಿಲ್ಲೆಗೂ ಪಾತ್ರೆಯ ತಳಕ್ಕೂ ಎರಡೂವರೆಯಿಂದ ಮೂರು ಸೆಂಟಿಮೀಟರ್ ಅಂತರ ಸರಿಹೋಗುತ್ತದೆ. ತೀರ ಹತ್ತಿರವಾದರೆ ಉರಿ ತಳಕ್ಕೆ ಬಡಿದು ತಣ್ಣಗಾಗಿ ಅರೆಬರೆ ಉರಿಯುತ್ತದೆ.

ಬೆಚ್ಚನೆಯ ಚೀಲಕ್ಕೆ ಕಾರಿನ ಗಾಜಿಗೆ ಬಿಸಿಲು ತಡೆಯಲು ಇಡುವ ಬೆಳ್ಳಿಬಣ್ಣದ ಗುಳ್ಳೆ ಹಾಳೆ ಸಾಕು. ಪಾತ್ರೆಯ ಅಳತೆಗೆ ಕತ್ತರಿಸಿ ಅಂಟುಪಟ್ಟಿ ಹಾಕಿ. ತಳಕ್ಕೆ ಒಂದು, ಸುತ್ತ ಒಂದು, ಮೇಲೆ ಟೋಪಿಯಂತೆ ಒಂದು. ಮೂವತ್ತು ನಲವತ್ತು ಗ್ರಾಂ ತೂಕ. ಅದೂ ಇಲ್ಲದಿದ್ದರೆ ಉಣ್ಣೆಯ ಟೋಪಿ, ಜಾಕೆಟ್ಟು ಸುತ್ತಿದರೂ ನಡೆಯುತ್ತದೆ. ಆದರೆ ಪಾತ್ರೆಯ ಅಡಿಯ ಅಂಟು ಬಟ್ಟೆಗೆ ಹತ್ತುತ್ತದೆ, ನಡುವೆ ಏನಾದರೂ ಹಾಸಿಕೊಳ್ಳಿ.

ಇನ್ನು ಹಚ್ಚುವ ಕ್ರಮ. ಹೊಸಬರು ಹೆಚ್ಚಾಗಿ ಇಲ್ಲೇ ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಒಲೆಯನ್ನು ಚಪ್ಪಟೆ ಕಲ್ಲಿನ ಮೇಲೋ ಬರಿ ಮಣ್ಣಿನ ಮೇಲೋ ಇಡಿ. ಹಳ್ಳದಿಂದ ಎತ್ತಿದ ಒದ್ದೆ ಕಲ್ಲು ಬೇಡ, ಒಳಗಿನ ನೀರು ಕಾದು ಸಿಡಿಯಬಹುದು. ಸುತ್ತ ಒಣಹುಲ್ಲು, ತರಗೆಲೆ ಇದ್ದರೆ ಕೈಯಿಂದ ಸರಿಸಿ ಮಣ್ಣು ಕಾಣುವಂತೆ ಮಾಡಿ. ಒಲೆಯ ತಟ್ಟೆಯ ಮೇಲೆ ಒಂದು ತುಂಡು ಫಾಯಿಲ್ ಹಾಸಿ, ಅಂಟು ಅದಕ್ಕೇ ಹತ್ತುತ್ತದೆ. ಬಿಲ್ಲೆಯ ಒಂದು ಮೂಲೆಯನ್ನು ಉಗುರಿನಷ್ಟು ಮುರಿದು ಪಕ್ಕದಲ್ಲೇ ಇಡಿ. ಉರಿಯುವ ಕಡ್ಡಿಯನ್ನು ಆ ಮುರಿದ ಚೂಪು ಅಂಚಿಗೆ ಹಿಡಿಯಿರಿ. ಐದು ಹತ್ತು ಸೆಕೆಂಡು ಏನೂ ಆಗದಂತೆ ಕಾಣುತ್ತದೆ. ಆಮೇಲೆ ಅಂಚು ಕೊಂಚ ಕಪ್ಪಾಗಿ, ಸಣ್ಣ ನೀಲಿ ಉರಿ ಹತ್ತಿ, ಮೆಲ್ಲಗೆ ಇಡೀ ಬಿಲ್ಲೆಯ ಮೇಲೆ ಹರಡುತ್ತದೆ. ಬಿಸಿಲಿನಲ್ಲಿ ಈ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಅಂತ ಕೈ ಹಾಕಿ ಸುಟ್ಟುಕೊಳ್ಳಬೇಡಿ. ಪೂರ್ತಿ ಹತ್ತಿದ ಮೇಲೆಯೇ ಪಾತ್ರೆ ಇಡಿ.

ಬಿಲ್ಲೆ ಚಟಪಟ ಅಂದು ಕಿಡಿ ಹಾರಿಸಿದರೆ ಅದು ತೇವ ಹೀರಿದೆ ಎಂದರ್ಥ. ಹೆಕ್ಸಮೈನ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಪ್ಯಾಕೆಟ್ ಒಡೆದ ಮೇಲೆ ಉಳಿದವನ್ನು ಜಿಪ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಇಡಿ.

ಇನ್ನೊಂದು ವಿಷಯ. ಬಿಲ್ಲೆಯನ್ನು ತುಂಡು ಮಾಡಿ ಎಲ್ಲ ತುಂಡು ಒಟ್ಟಿಗೆ ಹಚ್ಚಿದರೆ ಉರಿ ದೊಡ್ಡದು, ಬೇಗ ಮುಗಿಯುತ್ತದೆ. ಇಡಿಯಾಗಿ ಹಚ್ಚಿದರೆ ಉರಿ ನಿಧಾನ, ಹೊತ್ತು ಜಾಸ್ತಿ. ಕಾಲು ತುಂಡೊಂದನ್ನೇ ಹಚ್ಚಿದರೆ ಸಣ್ಣ ಉರಿ. ಉರಿ ಹೆಚ್ಚುಕಡಿಮೆ ಮಾಡಲು ನಿಮ್ಮ ಕೈಯಲ್ಲಿರುವ ದಾರಿ ಇದೊಂದೇ. ನೀರು ಬೇಗ ಕುದಿದು ಬಿಲ್ಲೆ ಉಳಿದರೆ ಸುಡಲು ಬಿಡಬೇಡಿ. ಜೋರಾಗಿ ಊದಿ ಆರಿಸಿ, ಇಲ್ಲವೇ ಲೋಹದ ಲೋಟ ಮಗುಚಿ. ಆರಿದಾಗ ಏಳುವ ಹೊಗೆ ಕಣ್ಣಿಗೆ, ಮೂಗಿಗೆ ಉರಿಯುತ್ತದೆ, ಮುಖ ಆಚೆ ತಿರುಗಿಸಿ. ತಣ್ಣಗಾದ ಮೇಲೆ ಆ ತುಂಡನ್ನು ಎತ್ತಿಡಿ, ಮುಂದೆ ಬೇಕಾಗುತ್ತದೆ.

ಈಗ ಅಡುಗೆ. ನಿಯಮ ಸರಳ: ಈಗಾಗಲೇ ಒಮ್ಮೆ ಬೆಂದು ಒಣಗಿದ್ದು, ಇಲ್ಲವೇ ತೀರ ತೆಳ್ಳಗೋ ಸಣ್ಣಗೋ ಇರುವುದು. ತೆಳು ನೂಡಲ್ಸ್, ಓಟ್ಸ್, ಒಣ ಆಲೂಗಡ್ಡೆ ಪುಡಿ, ಗೋಧಿ ರವೆಯಿಂದ ಮಾಡಿದ ಪುಟ್ಟ ಕಾಳಿನಂಥ ಕೂಸ್‌ಕೂಸ್, ಬೇಯಿಸಿ ಒಣಗಿಸಿದ ಅಕ್ಕಿ. ದಪ್ಪ ಮ್ಯಾಕರೋನಿ, ಹಸಿ ಅಕ್ಕಿ, ಹಸಿ ಬೇಳೆ, ಇಡೀ ಕಾಳು ಬೇಡ. ಅನ್ನ ಬೇಳೆಯೇ ಬೇಕು ಅಂದರೆ ಮನೆಯಲ್ಲೇ ಮೆತ್ತಗೆ ಬೇಯಿಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಡಿಹೈಡ್ರೇಟರಿನಲ್ಲೋ ಓವನ್ನಿನಲ್ಲೋ 55ರಿಂದ 60 ಡಿಗ್ರಿಯಲ್ಲಿ ಒಣಗಿಸಿ. ಕೈಯಲ್ಲಿ ಹಿಡಿದರೆ ಕಾಳು ಕಾಳಾಗಿ ಉದುರಬೇಕು, ಕಚ್ಚಿದರೆ ಕಟ್ ಎನ್ನಬೇಕು. ಬೇಯಿಸುವಾಗ ಎಣ್ಣೆ ತುಪ್ಪ ಹಾಕಬೇಡಿ. ಕೊಬ್ಬು ಒಣಗುವುದಿಲ್ಲ, ದಿನ ಕಳೆದಂತೆ ಮುಗ್ಗಲು ವಾಸನೆ ಬರುತ್ತದೆ. ಎಣ್ಣೆಯನ್ನು ಪುಟ್ಟ ಬಾಟಲಿಯಲ್ಲಿ ಬೇರೆ ಒಯ್ದು ಉಣ್ಣುವಾಗ ಬೆರೆಸಿ. ಎಣ್ಣೆ ಒಂದು ಗ್ರಾಮಿಗೆ 9 ಕ್ಯಾಲೊರಿ, ಅಕ್ಕಿಯ ಪಿಷ್ಟಕ್ಕೆ 4. ನಡೆದು ದಣಿದ ದೇಹಕ್ಕೆ ಅದು ಬೇಕು. ತರಕಾರಿ ಒಣಗಿಸುವುದಾದರೆ ಬಟಾಣಿ ಗಾತ್ರಕ್ಕಿಂತ ಸಣ್ಣಗೆ ಹೆಚ್ಚಿ. ಕ್ಯಾರೆಟ್ ದಪ್ಪ ಚೂರಾದರೆ ಎಷ್ಟು ಹೊತ್ತು ಇಟ್ಟರೂ ರಬ್ಬರಿನಂತೆ ಉಳಿಯುತ್ತದೆ.

ಸಂಜೆ ತಂಗುವ ಜಾಗ ತಲುಪಿದ ಕೂಡಲೇ ಒಲೆ ಹಚ್ಚಬೇಡಿ. ಮೊದಲು 120 ಗ್ರಾಮಿನಷ್ಟು ಒಣ ಅನ್ನ, ಬೇಳೆ, ತರಕಾರಿ ಪಾತ್ರೆಗೆ ಹಾಕಿ. ಮೇಲೆ ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ತಣ್ಣೀರು ಹೊಯ್ದು ಮುಚ್ಚಿಡಿ. ಟೆಂಟು ಕಟ್ಟಿ, ಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಅರ್ಧ ಗಂಟೆ. ಅಷ್ಟರಲ್ಲಿ ಅದು ಅರ್ಧದಷ್ಟು ನೆಂದಿರುತ್ತದೆ. ಈ ಅರ್ಧ ಗಂಟೆಗೆ ಒಂದು ಚೂರೂ ಇಂಧನ ಖರ್ಚಿಲ್ಲ. ಆಮೇಲೆ ಇನ್ನಷ್ಟು ನೀರು ಸೇರಿಸಿ ತೆಳ್ಳಗೆ ಮಾಡಿ, ಒಲೆ ಹಚ್ಚಿ, ನಡುನಡುವೆ ಚಮಚ ತಳಕ್ಕೆ ಮುಟ್ಟಿಸಿ ಕಲಸುತ್ತಿರಿ. ಮೊದಲು ತಳದಲ್ಲಿ ಸಾಸಿವೆಯಷ್ಟು ಗುಳ್ಳೆ ಏಳುತ್ತವೆ. ಆಮೇಲೆ ಸುಯ್ ಅನ್ನುವ ಸದ್ದು. ಆ ಸದ್ದು ಇಳಿದು ಮುಚ್ಚಳ ಕುಣಿಯತೊಡಗಿದರೆ ಕುದಿ ಬಂತು. ಅಲ್ಲಿಂದ ಒಂದು ನಿಮಿಷ ಸಾಕು. ಉರಿ ಆರಿಸಿ, ಪಾತ್ರೆಯನ್ನು ಬೆಚ್ಚನೆಯ ಚೀಲಕ್ಕೆ ಇಳಿಸಿ, ಹದಿನೈದು ನಿಮಿಷ ಮುಚ್ಚಳ ತೆಗೆಯಬೇಡಿ. ತೆಗೆದು ನೋಡುವ ಆಸೆ ಆಗುತ್ತದೆ. ಪ್ರತಿ ಸಲ ತೆಗೆದಾಗಲೂ ಬೇಯಿಸುವ ಬಿಸಿಯೇ ಹೊರಗೆ ಹೋಗುತ್ತದೆ.

ಆಮೇಲೂ ನಡುವೆ ಗಟ್ಟಿ ಇದೆ ಅನಿಸಿದರೆ, ಉಳಿಸಿಟ್ಟ ಕಾಲು ತುಂಡು ಹಚ್ಚಿ ಮತ್ತೊಮ್ಮೆ ಕುದಿ ತಂದು ಇನ್ನೈದು ನಿಮಿಷ ಚೀಲದಲ್ಲಿಡಿ. ಈ ಎರಡು ಸಲದ ಕುದಿಯಿಂದ ಆಗುವಷ್ಟು ಕೆಲಸ, ಒಂದೇ ಸಲ ದೊಡ್ಡ ಬಿಲ್ಲೆ ಉರಿಸಿದರೆ ಆಗುವುದಿಲ್ಲ. ಎತ್ತರದ ಜಾಗದಲ್ಲಿ ಇದು ಬೇಕೇ ಬೇಕು. ಸುಮಾರು 300 ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತದೆ. 3000 ಮೀಟರಿನಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. ಕುದಿಯಿತಲ್ಲ ಅಂತ ಅಕ್ಕಿ ಬೇಯುವುದಿಲ್ಲ.

ನೂಡಲ್ಸ್, ಓಟ್ಸಿಗೆ ಇಷ್ಟೆಲ್ಲ ಬೇಡ. ಬಟ್ಟಲಲ್ಲಿ ಹಾಕಿ, ಕುದಿವ ನೀರು ಹೊಯ್ದು ಮುಚ್ಚಿಡಿ. ಪಾತ್ರೆಯಲ್ಲಿ ಬರೀ ನೀರು ಕುದಿಸಿದರೆ ತಳ ಹಿಡಿಯುವ ಮಾತೇ ಇಲ್ಲ, ತೊಳೆಯುವ ಕೆಲಸವೂ ಇಲ್ಲ. ಮೊದಲ ಚಾರಣಕ್ಕೆ ನನ್ನ ಸಲಹೆ ಇದೇ. ರಾತ್ರಿ ಉಳಿದ ಅನ್ನವನ್ನು ಬೆಚ್ಚನೆಯ ಚೀಲದಲ್ಲೇ ಬೆಳಗಿನವರೆಗೆ ಇಡಬೇಡಿ. ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಎಷ್ಟು ಬಿಲ್ಲೆ ಒಯ್ಯಬೇಕು? ಸಂಜೆ ಊಟಕ್ಕೆ ಒಂದು, ಎರಡನೇ ಕುದಿಗೆ ಮತ್ತು ಒಂದು ಲೋಟ ಚಹಾಕ್ಕೆ ಸೇರಿ ಇನ್ನೊಂದು. ಬೆಳಗ್ಗೆ ಓಟ್ಸಿಗೂ ಕಾಫಿಗೂ ಒಟ್ಟಿಗೆ ಅರ್ಧ ಲೀಟರ್, ಒಂದು ಬಿಲ್ಲೆ. ಮಧ್ಯಾಹ್ನ ಒಲೆ ಹಚ್ಚಬೇಡಿ. ಎರಡು ರಾತ್ರಿ, ಎರಡು ಬೆಳಗ್ಗೆಗೆ ಆರು ಬಿಲ್ಲೆ. ಗಾಳಿ ಮಳೆಗೆಂದು ಎರಡು ಹೆಚ್ಚಿಗೆ. ಒಟ್ಟು ಎಂಟು, 112 ಗ್ರಾಂ. ನೀರು ತೀರ ತಣ್ಣಗಿರುವ ಕಡೆ, ಉದಾಹರಣೆಗೆ 5 ಡಿಗ್ರಿ ಇದ್ದರೆ, ಅರ್ಧ ಲೀಟರಿಗೆ 167ರ ಬದಲು ಸುಮಾರು 200 ಕಿಲೋಜೂಲ್ ಬೇಕು. ಆಗ ಇನ್ನೆರಡು ಸೇರಿಸಿ. ಕುಡಿಯುವ ನೀರನ್ನೆಲ್ಲ ಈ ಒಲೆಯಲ್ಲೇ ಕುದಿಸಿ ಶುದ್ಧ ಮಾಡುತ್ತೇನೆ ಅಂದುಕೊಂಡಿದ್ದರೆ ಬಿಟ್ಟುಬಿಡಿ. ಅದಕ್ಕೆ ಫಿಲ್ಟರೋ ಶುದ್ಧಿ ಮಾಡುವ ಮಾತ್ರೆಯೋ ಇರಲಿ. ಹಿಮ ಕರಗಿಸುವ ಕೆಲಸಕ್ಕಂತೂ ಇದು ಆಗಿಬರುವುದಿಲ್ಲ. ಒಂದು ಕಿಲೋ ಹಿಮ ಸುಮ್ನೆ ಕರಗಲಿಕ್ಕೇ 334 ಕಿಲೋಜೂಲ್ ಬೇಕು, ಆ ನೀರು ಬಿಸಿಯಾಗುವುದು ಆಮೇಲಿನ ಮಾತು.

ಕಂದು ಅಂಟು ಮತ್ತು ವಾಸನೆ ಹೆಕ್ಸಮೈನಿನ ಗುಣ. ಅದನ್ನು ಮಾಡುವುದೇ ಫಾರ್ಮಾಲ್ಡಿಹೈಡ್ ಮತ್ತು ಅಮೋನಿಯಾ ಸೇರಿಸಿ. ಜರ್ಮನಿಯಲ್ಲಿ 1936ರಲ್ಲಿ ಎರಿಕ್ ಶೂಮ್ ಇದನ್ನು ಬಿಲ್ಲೆಯ ರೂಪಕ್ಕೆ ತಂದು ಎಸ್ಬಿಟ್ ಎಂದು ಹೆಸರಿಟ್ಟಾಗಿನಿಂದ ಇವತ್ತಿನವರೆಗೂ ಆ ಅಂಟು ಹೋಗಿಲ್ಲ. ಅದು ಪಾತ್ರೆಯ ಹೊರಗಿನದು, ಅಡುಗೆಗೆ ತೊಂದರೆ ಇಲ್ಲ. ಒದ್ದೆ ಬಟ್ಟೆಯಲ್ಲೋ ಮರಳಿನಲ್ಲೋ ಅಂದೇ ಉಜ್ಜಿದರೆ ಬಹುಪಾಲು ಹೋಗುತ್ತದೆ, ಒಣಗಲು ಬಿಟ್ಟರೆ ಕಷ್ಟ. ಹಳ್ಳದೊಳಗೆ ತೊಳೆಯಬೇಡಿ. ಪಾತ್ರೆಗೆ ಬೇರೆ ಚೀಲ ಇರಲಿ. ಬಿಲ್ಲೆ ಮುಟ್ಟಿದ ಕೈ ತೊಳೆಯದೆ ಊಟ ಮುಟ್ಟಬೇಡಿ. ನುಂಗಿದರೆ ಹೊಟ್ಟೆಗೆ ಹಾನಿ, ಕೆಲವರ ಚರ್ಮಕ್ಕೂ ಆಗುವುದಿಲ್ಲ. ಬಿಳಿ ಮಿಠಾಯಿಯಂತೆ ಕಾಣುವುದರಿಂದ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಟೆಂಟಿನೊಳಗೆ ಬೇಡ ಎಂದದ್ದು ಇದೇ ಕಾರಣಕ್ಕೆ. ಗಾಳಿ ಸಾಲದ ಕಡೆ ಈ ಬಿಲ್ಲೆ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ ನಿದ್ದೆ ಬಂದಂತಾಗುತ್ತದೆ, ದಣಿವು ಅಂದುಕೊಂಡು ಮಲಗಿದವರು ಏಳದೇ ಇರಬಹುದು. ಜೊತೆಗೆ ಫಾರ್ಮಾಲ್ಡಿಹೈಡ್, ಸ್ವಲ್ಪ ಹೈಡ್ರೋಜನ್ ಸಯನೈಡ್ ಕೂಡ. ಟೆಂಟಿನ ಬಟ್ಟೆ ಹತ್ತಿಕೊಳ್ಳುವ ಅಪಾಯ ಬೇರೆ. ಮಳೆಗೆ ನಾಲ್ಕೂ ಕಡೆ ತೆರೆದ ಟಾರ್ಪಾಲಿನ ಕೆಳಗೆ, ತಲೆಗಿಂತ ಎತ್ತರ ಕಟ್ಟಿ, ಹಚ್ಚಬಹುದು. ಅದೂ ಆಗದಂಥ ಮಳೆ ಬರಬಹುದು, ಅದಕ್ಕೆ ಒಂದು ಹೊತ್ತಿನ ತಣ್ಣನೆ ಊಟ ಚೀಲದಲ್ಲಿ ಇರಲೇಬೇಕು. ಕೂಸ್‌ಕೂಸ್, ಓಟ್ಸ್ ಎರಡೂ ತಣ್ಣೀರಿನಲ್ಲೇ ಅರ್ಧ ಮುಕ್ಕಾಲು ಗಂಟೆಯಲ್ಲಿ ನೆಂದು ತಿನ್ನುವಂತಾಗುತ್ತವೆ.

ಹೊರಡುವ ಮುಂಚೆ ಎರಡು ವಿಷಯ ವಿಚಾರಿಸಿ. ಕಾಡ್ಗಿಚ್ಚಿನ ಭಯವಿರುವ ತಿಂಗಳುಗಳಲ್ಲಿ, ತಿರುಗಿಸಿ ಆರಿಸುವ ಕೀಲಿ ಇಲ್ಲದ ಒಲೆಗಳನ್ನು ಎಷ್ಟೋ ಕಾಡುಗಳಲ್ಲಿ ಬಿಡುವುದಿಲ್ಲ, ಬಿಲ್ಲೆ ಒಲೆಯೂ ಅದರಲ್ಲಿ ಸೇರುತ್ತದೆ. ಇನ್ನೊಂದು, ವಿಮಾನದಲ್ಲಿ ಬಿಲ್ಲೆ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ತಲುಪಿದ ಜಾಗದಲ್ಲೇ ಕೊಳ್ಳಬೇಕು.

ಗ್ಯಾಸ್ ವಾಸಿಯಾ ಅಂದಿರಿ. ಚಿಕ್ಕ ಡಬ್ಬಿ ಮತ್ತು ಬರ್ನರ್ ಸೇರಿ ಸುಮಾರು 300 ಗ್ರಾಂ. ಅದರಲ್ಲಿರುವ 100 ಗ್ರಾಂ ಗ್ಯಾಸಿನಿಂದ ಆರೇಳು ಲೀಟರ್ ನೀರು ಕುದಿಯುತ್ತದೆ, ಮೂರ್ನಾಲ್ಕು ನಿಮಿಷದಲ್ಲೇ ಅರ್ಧ ಲೀಟರ್. ಉರಿ ಸಣ್ಣ ಮಾಡಬಹುದು, ಹಸಿ ಅಕ್ಕಿಯನ್ನೂ ಬೇಯಿಸಬಹುದು. ಇಬ್ಬರಿದ್ದರೆ, ಅಥವಾ ನಾಲ್ಕೈದು ದಿನಕ್ಕಿಂತ ಜಾಸ್ತಿ ಆದರೆ, ನಾನು ಯೋಚಿಸದೆ ಗ್ಯಾಸ್ ಅನ್ನುತ್ತೇನೆ. ಒಬ್ಬರೇ, ಎರಡು ರಾತ್ರಿ, ಬಿಸಿನೀರು ಹೊಯ್ದು ಉಣ್ಣುವ ಊಟ ಅಂದರೆ ಬಿಲ್ಲೆಯೇ ಹಗುರ. ಕೆಡಲು ಅದರಲ್ಲಿ ಯಾವ ಯಂತ್ರವೂ ಇಲ್ಲ, ಚಳಿಗೆ ಗ್ಯಾಸಿನಂತೆ ಮಂಕಾಗುವುದೂ ಇಲ್ಲ. ಹಾಗಾಗಿ ನಿಮ್ಮ ಈ ಚಾರಣಕ್ಕೆ ಇರುವ ಒಲೆಯನ್ನೇ ಒಯ್ಯಿರಿ. ಹೊರಡುವ ಮೊದಲು ಗಾಳಿ ಬೀಸುವ ಸಂಜೆಯೊಂದರಲ್ಲಿ ಹೊರಗೆ ಕೂತು, ಹೊಸ ಗಾಳಿಮರೆ ಹಾಕಿ, ಅರ್ಧ ಲೀಟರ್ ನೀರಿಗೆ ಎಷ್ಟು ನಿಮಿಷ, ಎಷ್ಟು ಬಿಲ್ಲೆ ಹಿಡಿಯುತ್ತದೆ ಅಂತ ಬರೆದುಕೊಳ್ಳಿ. ಒಂದು ಬಿಲ್ಲೆಯಲ್ಲಿ ಕುದಿ ಬರದಿದ್ದರೆ ಮೊದಲು ಮರೆಯ ಅಂತರವನ್ನೂ ತೂತುಗಳನ್ನೂ ಸರಿಮಾಡಿ ಮತ್ತೆ ನೋಡಿ, ಆಮೇಲೆ ಬಿಲ್ಲೆಯ ಲೆಕ್ಕ ಹೆಚ್ಚಿಸಿ.